ಮುಯ್ಯಿ ಇಲ್ಲದ ಊರು

ಗುಬ್ಬಿ, ಗೂಳೂರು, ಕುಣಿಗಲ್ ಕಡೆಯ ನಮ್ಮ ಯಾವ ನೆಂಟರ ಮನೆಗೆ ಹೋಗಿ ನೀರು ಕೇಳಿದರೂ, ಕೈಗೆ ಬರುವ ಸ್ಟೀಲ್ ಚೊಂಬಿನ ಮೇಲೆ ನನ್ನ ಹೆಂಡತಿ ವಿಮಲೆಯ ಹೆಸರು ಕೊರೆದಿರುತ್ತದೆ. ಮದುವೆಗೆ ಪಾತ್ರೆ ಓದಿಸಿದವರ ಹೆಸರು ಪಾತ್ರೆಯ ಮೇಲಿರಬೇಕೆಂಬುದು ನಮ್ಮಲ್ಲಿಯ ವಾಡಿಕೆ. ಕೊಟ್ಟವರಾರೆಂದು ಮರೆಯಬಾರದಲ್ಲ, ನಾಳೆ ಅವರ ಮನೆಯ ಮದುವೆಗೆ ತಿರುಗಿಸಬೇಕಲ್ಲ. ಈ ಕೊಡುವ ತಿರುಗಿಸುವ ವ್ಯವಹಾರಕ್ಕೇ ಮುಯ್ಯಿ ಎನ್ನುತ್ತೇವೆ. ನಮ್ಮ ಮನೆಯ ಮಟ್ಟಿಗೆ ಮಾತ್ರ ಅದು ಒಂದೇ ದಿಕ್ಕಿನಲ್ಲಿ ಹರಿಯಿತು. ನಮಗೆ ಮಕ್ಕಳಿಲ್ಲ. ನಾಮಕರಣ, ಸೀಮಂತ, ಮದುವೆ ಯಾವುದೂ ನಡೆಯದ ಮನೆಗೆ ಯಾರು ತಾನೇ ಯಾವ ನೆಪದಲ್ಲಿ ತಿರುಗಿಸಿಯಾರು?

ನಾನು ತುಮಕೂರಿನ ಕಾಲೇಜೊಂದರಿಂದ ನಿವೃತ್ತನಾದ ಮೇಲೆ, ವಿಯೆಟ್ನಾಮಿನ ಕಡಲ ತೀರದಲ್ಲಿ ನೆಲೆಸಿದ್ದ ಹಳೆಯ ಸಹೋದ್ಯೋಗಿಯೊಬ್ಬರು, ಇಲ್ಲಿ ಪಿಂಚಣಿಯಲ್ಲೇ ದೊರೆಯಂತೆ ಬದುಕಬಹುದೆಂದು ದಿನಕ್ಕೊಂದು ಫೋಟೋ ಕಳಿಸತೊಡಗಿದರು. ನಾನು ನಕ್ಕು ಬಿಟ್ಟೆ, ವಿಮಲೆ ಬಿಡಲಿಲ್ಲ, ಅಲ್ಲಿಗೇ ಹೋಗಿ ಇದ್ದುಬಿಡೋಣ ಎಂದಳು. ಸ್ವಂತ ಮನೆಯಿದೆ, ತೆಂಗಿನಕಾಯಿ ಗುಬ್ಬಿಯ ತಂಗಿಯ ತೋಟದಿಂದ ಬರುತ್ತದೆ, ತುಮಕೂರಿಗಿಂತ ಅಗ್ಗದ ಊರಿಗಾಗಿ ವಿಮಾನ ಹತ್ತಬೇಕೇ ಎಂದು ನೀವು ಕೇಳುತ್ತೀರಿ, ನಾನೂ ಕೇಳಿದೆ.

“ಅಕ್ಕಿ ಬೇಳೆ ಲೆಕ್ಕ ಬಿಡಿ. ಮದ್ವೆ ಸೀಸನ್ನಿನ ಲೆಕ್ಕ ಹಾಕಿ,” ಎಂದಳು.

ಹಾಕಿ ನೋಡಿದೆ, ಅವಳ ಮಾತು ನಿಜವಾಗಿತ್ತು. ಪರೀಕ್ಷೆಗೆಂದು ಒಂದು ತಿಂಗಳು ಹೋಗಿ ಬಂದೆವು. ಎರಡು ಕೋಣೆ, ಒಂದು ಬಾಲ್ಕನಿ, ಬೆಳಗ್ಗೆ ಬೀದಿ ಬದಿಯ ಗಿಡ್ಡ ಸ್ಟೂಲಿನ ಮೇಲೆ ಕುಳಿತು ಕುಡಿಯುವ ಕಾಫಿ. ತುಮಕೂರಿನಲ್ಲಿ ಛತ್ರಕ್ಕೆ ಹೊರಡುವಾಗಲೆಲ್ಲ ತಲೆನೋವೆನ್ನುತ್ತಿದ್ದ ವಿಮಲೆ ಅಲ್ಲಿ ಒಂದು ದಿನವೂ ಮಾತ್ರೆ ನುಂಗಲಿಲ್ಲ. ಕಾರಣ ಅವಳೇ ಹೇಳಿದಳು: “ಇಲ್ಲಿ ಯಾರೂ ಮಕ್ಳೆಷ್ಟು ಅಂತ ಕೇಳಲ್ಲ ಕಣ್ರೀ. ಕೇಳಿದ್ರೂ ನಂಗೆ ಅರ್ಥ ಆಗಲ್ಲ.”

ನಾವಿಬ್ಬರೂ ನಕ್ಕೆವು, ಆಮೇಲೆ ನನಗೆ ತುಂಬ ಸಂಕಟವಾಯಿತು. ಗೆಳೆಯರೇ, ಊರೊಂದು ದುಬಾರಿಯೋ ಅಗ್ಗವೋ ಎಂಬುದು ತರಕಾರಿ ಅಂಗಡಿಯಲ್ಲಿ ನಿಂತರೆ ತಿಳಿಯುವುದಿಲ್ಲ. ಒಂದೇ ಛತ್ರದಲ್ಲಿ, ಒಂದೇ ಪಂಕ್ತಿಯಲ್ಲಿ ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ, ಪಕ್ಕದಲ್ಲೇ ಕುಳಿತವಳು ಅದೇ ಊಟಕ್ಕೆ ಬೇರೆಯೇ ಬೆಲೆ ತೆರುತ್ತಿದ್ದಳು. ಅಗ್ಗದ ಊರು ನನಗೆ ಬೇಕಿರಲಿಲ್ಲ, ಅವಳಿಗೆ ಬೇಕಿತ್ತು. ಹೋಗೋಣ ಎಂದು ಮನಸ್ಸಿನಿಂದಲೇ ಒಪ್ಪಿದೆ.

ಹೊರಡುವ ಮುನ್ನ ನೆಂಟರನ್ನೆಲ್ಲ ಒಂದು ಭಾನುವಾರ ಊಟಕ್ಕೆ ಕರೆದೆವು. ಏನೂ ತರಬೇಡಿ ಎಂದು ವಿಮಲೆ ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿದ್ದಳು. ಆದರೂ ಪಾಯಸ ಮುಗಿದು ಕೈ ತೊಳೆದದ್ದೇ ತಡ, ನನ್ನ ತಂಗಿ ಸುಶೀಲೆ ಎದ್ದು ಬಂದು, ರೇಷ್ಮೆ ಸೀರೆಯ ಮೇಲೊಂದು ಕವರಿಟ್ಟು ವಿಮಲೆಯ ಮುಂದೆ ಹಿಡಿದಳು.

“ಇದೇನ್ ಮದ್ವೆ ಮನೇನಾ ಸುಶೀಲಾ?”

“ಏನಾದ್ರೂ ಆಗ್ಲಿ ಬುಡಿ ಅತ್ತಿಗೆ. ನಮ್ಮನೆ ಮೂರು ಮದ್ವೆಗೂ ಓದಿಸಿದೀರಿ. ತಿರುಗ್ಸಾಕೆ ನೀವು ನಮಗೊಂದು ನೆಪಾನೇ ಕೊಡ್ಲಿಲ್ಲ. ಇವತ್ತು ಸಿಕ್ಕೈತೆ.”

ಅವಳ ಹಿಂದೆ ಕುಣಿಗಲ್ಲಿನವರು, ಅವರ ಹಿಂದೆ ಗೂಳೂರಿನವರು ಸಾಲುಗಟ್ಟಿದರು. ನಾನು ಅರವತ್ತು ದಾಟಿದ ಮದುಮಗನಂತೆ ಪಕ್ಕದಲ್ಲಿ ನಿಂತಿದ್ದೆ. ವಿಮಲೆಯ ಎರಡು ಕೈಯೂ ತುಂಬಿದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ಅಂದು ಯಾರೂ ಅವಳನ್ನು ಏನೂ ಕೇಳಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಅವಳು ರಾಶಿಯ ಮುಂದೆ ಕುಳಿತು ಒಂದೊಂದನ್ನೇ ಬಿಚ್ಚಿ ನೋಡಿದಳು. ತಿರುಗಿಸುವಾಗ ಪಡೆದದ್ದಕ್ಕಿಂತ ತುಸು ಹೆಚ್ಚಿಡುವುದು ನಮ್ಮ ಕಡೆಯ ಮರ್ಯಾದೆ. ಹಾಗಾಗಿ ಮುಯ್ಯಿ ತೀರಿತೆನ್ನುವಂತಿಲ್ಲ, ಬಾಕಿ ಈ ಮನೆಯಿಂದ ಆ ಮನೆಗೆ ದಾಟುತ್ತದೆ ಅಷ್ಟೆ.

“ಎಲ್ಲರೂ ಜಾಸ್ತಿನೇ ಹಾಕಿದಾರೆ ಕಣ್ರೀ,” ಎಂದಳು. “ಗೂಳೂರು ಹುಡುಗಿ ಮದ್ವೆ ಮಾಘದಲ್ಲಂತೆ.”

“ಮತ್ತೆ ನಾವು ಹೊರಡೋದು?”

ಅವಳು ಸೀರೆಯೊಂದನ್ನು ಮಡಿಲಲ್ಲಿ ಹರಡಿ, ಅಂಚು ಸವರುತ್ತ ಹೇಳಿದಳು: “ಮೊದ್ಲು ಇವರದ್ದೆಲ್ಲ ತೀರ್ಲಿ, ತಡೀರಿ.”