ರಾಬರ್ಟ್ ಕೆಟ್‌ಗೆ ಶಾಮಣ್ಣ ಕೊಟ್ಟ ಮುಖ

ಶಾಮಸುಂದರ ದುಬೈಗೆ ಬಂದದ್ದು ಬೋರ್ಡು ಬರೆಯಲಿಕ್ಕೆ. ಮೂಲ್ಕಿಯಲ್ಲಿ ಬಸ್ಸುಗಳ ಮೇಲೆ ಹೆಸರು ಬರೆಯುತ್ತಿದ್ದವರು 1988ರಲ್ಲಿ ಇಲ್ಲಿಗೆ ಬಂದು ಆರೇ ತಿಂಗಳಲ್ಲಿ ಅರಬ್ಬಿ ಅಕ್ಷರಗಳ ಬಳುಕು ಕಲಿತರು. ಅದನ್ನು ಓದಲಿಕ್ಕೆ ಮಾತ್ರ ಕೊನೆಯವರೆಗೂ ಬರಲಿಲ್ಲ. ನಾನು 2009ರಲ್ಲಿ ರಾಸ್ ಅಲ್ ಖೋರ್‌ನ ಅದೇ ಬೋರ್ಡಿನ ವರ್ಕ್‌ಶಾಪಿಗೆ ಕಂಪ್ಯೂಟರ್ ಡಿಸೈನರ್ ಆಗಿ ಸೇರುವಾಗ ಕುಂಚದ ಕೆಲಸ ಖಲಾಸ್ ಆಗಿತ್ತು. ನಾನು ಸ್ಕ್ರೀನಿನಲ್ಲಿ ಮಾಡಿದ ಅಕ್ಷರವನ್ನು ಯಂತ್ರ ಸ್ಟಿಕ್ಕರಿನಲ್ಲಿ ಕತ್ತರಿಸುತ್ತಿತ್ತು. ಶಾಮಣ್ಣ ಅದನ್ನು ಗುಳ್ಳೆ ಏಳದ ಹಾಗೆ ಅಂಟಿಸುತ್ತಿದ್ದರು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಬದಲಿಗೆ, "ಕೀರ್ತನ್, ಊಟ ಆಯ್ತಾ?" ಎಂದು ದಿನಾ ಕೇಳುತ್ತಿದ್ದರು. ಹಾಗೆ ಕೇಳಲಿಕ್ಕೆ ಅವರಿಗೆ ಮನೆಯವರು ಯಾರೂ ಇರಲಿಲ್ಲ. ಮದುವೆ ಆಗಿರಲಿಲ್ಲ.

ಇದ್ದವರು ಒಬ್ಬರೇ, ಅವರ ರೂಮಿನಲ್ಲಿದ್ದ ಅಲಿಯಬ್ಬ. ಉಚ್ಚಿಲದ ಬ್ಯಾರಿ, ಪಕ್ಕದ ಗ್ಯಾರೇಜಿನ ಫೋರ್‌ಮನ್. ಗುದ್ದಿದ ಕಾರುಗಳ ತಗ್ಗನ್ನು ಸುತ್ತಿಗೆಯಿಂದ ಬಡಿದು ಬಡಿದು ಎಡಕಿವಿ ಹೋಗಿತ್ತು. ಯಾರಾದರೂ ಮಾತಾಡಿದರೆ ಬಲಕಿವಿಯನ್ನು ಮುಂದೆ ತಂದು, ಕತ್ತು ಸ್ವಲ್ಪ ಓರೆ ಮಾಡಿ, ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು. ಹದಿನೆಂಟು ವರ್ಷ ಇಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿದರು. ಅವರು ಇವರನ್ನು 'ಆರ್ಟಿಸ್ಟರೇ' ಎನ್ನುತ್ತಿದ್ದರು, ಇವರು ಅವರನ್ನು 'ಬ್ಯಾರಿಗಳೇ'.

2011ರ ಆಗಸ್ಟಿನಲ್ಲಿ ಗ್ಯಾರೇಜಿನ ಫ್ಯಾನುಗಳು ಕೆಟ್ಟು ಒಂದು ತಿಂಗಳಾಗಿತ್ತು. ತಗಡಿನ ಮಾಡಿನ ಕೆಳಗೆ ಒಬ್ಬ ಕೆಲಸಗಾರ ತಲೆಸುತ್ತಿ ಬಿದ್ದ. ಉಳಿದವರು ಸುತ್ತಿಗೆ ಕೆಳಗಿಟ್ಟು ಅಲಿಯಬ್ಬರ ಎದುರು ಬಂದು ನಿಂತರು. ಅವರಿಂದ ಕೆಲಸ ಮಾಡಿಸಬೇಕಾದವರೇ ಅಲಿಯಬ್ಬ. ಪೂರ್ತಿ ಕೇಳಿಸಿಕೊಂಡು, "ನೀವು ಹೇಳುವುದು ಸರಿ. ಬನ್ನಿ" ಎಂದು ಅವರನ್ನು ಕರೆದುಕೊಂಡು ತಾವೇ ಮುಂದಾಗಿ ಮ್ಯಾನೇಜರನ ಕ್ಯಾಬಿನ್ನಿಗೆ ಹೋದರು. ಫ್ಯಾನು ಬಂತು. ಹತ್ತು ದಿನದಲ್ಲಿ ಅಲಿಯಬ್ಬರ ವೀಸಾ ಕ್ಯಾನ್ಸಲ್ ಆಯಿತು. ಮರುವರ್ಷ ಊರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಶಾಮಣ್ಣನ ಹತ್ತಿರ ಅವರದ್ದೊಂದು ಫೋಟೊ ಕೂಡ ಇರಲಿಲ್ಲ. ಒಟ್ಟಿಗೆ ಇರುವವರು ಫೋಟೊ ತೆಗೆಸಿಕೊಳ್ಳುತ್ತಾರಾ?

ಆ ಮೇಲೆ ಶಾಮಣ್ಣ ಮಾತು ಕಡಿಮೆ ಮಾಡಿದರು. ರೂಮಿಗೆ ಬಂದ ಹೊಸಬರು ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಮಲಗುತ್ತಿದ್ದರು. ಶುಕ್ರವಾರ ರಜೆ ಇದ್ದರೂ ಶಾಮಣ್ಣ ವರ್ಕ್‌ಶಾಪಿಗೆ ಬಂದು ಸುಮ್ಮನೆ ಕೂತಿರುತ್ತಿದ್ದರು.

2013ರಲ್ಲಿ ಡಿಸ್ಕವರಿ ಗಾರ್ಡನ್ಸ್ ಕಡೆಯ ಒಂದು ಬ್ರಿಟಿಷ್ ಶಾಲೆಯಿಂದ ಆರ್ಡರ್ ಬಂತು. ಅಲ್ಲಿಯ ಹೆಡ್ ಮೇಡಂ ಇಂಗ್ಲೆಂಡಿನ ನಾರ್ಫೋಕ್ ಎಂಬ ಕೌಂಟಿಯವರು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಶಾಲೆಯ ನಾಲ್ಕು ಹೌಸ್‌ಗಳಿಗೆ ತಮ್ಮ ಜಿಲ್ಲೆಯ ನಾಲ್ವರ ಹೆಸರಿಟ್ಟಿದ್ದರು. ಅವರ ಚಿತ್ರಗಳು ಕೈಯಲ್ಲೇ ಬರೆದವಾಗಬೇಕು, ಪ್ರಿಂಟ್ ಬೇಡ ಎಂದರು. ನಾನು ಶಾಮಣ್ಣನನ್ನು ಕರೆದುಕೊಂಡು ಹೋದೆ.

ಮೇಡಂ ಮೂರು ಚಿತ್ರ ಕೊಟ್ಟರು. ಒಂದು ಕೈ ಕಳೆದುಕೊಂಡ ನೌಕಾಪಡೆಯ ನಾಯಕ ನೆಲ್ಸನ್. ಜೈಲಿನ ಹೆಂಗಸರಿಗಾಗಿ ದುಡಿದ ಎಲಿಜಬೆತ್ ಫ್ರೈ. ಸೈನಿಕರು ತಪ್ಪಿಸಿಕೊಳ್ಳಲಿಕ್ಕೆ ನೆರವಾದಳೆಂದು ಮೊದಲ ಮಹಾಯುದ್ಧದಲ್ಲಿ ಗುಂಡಿಗೆ ಬಲಿಯಾದ ನರ್ಸ್ ಎಡಿತ್ ಕ್ಯಾವೆಲ್. ನಾಲ್ಕನೆಯವನು ರಾಬರ್ಟ್ ಕೆಟ್.

"ಇವನ ಚಿತ್ರ?" ಶಾಮಣ್ಣ ಕೇಳಿದರು.

"ಇವನು ನೋಡಲಿಕ್ಕೆ ಹೇಗಿದ್ದ ಅಂತ ಯಾರಿಗೂ ಗೊತ್ತಿಲ್ಲವಂತೆ" ಎಂದು ನಾನು ಮೇಡಂ ಹೇಳಿದ್ದನ್ನು ತುಳುವಿನಲ್ಲಿ ಹೇಳಿದೆ. "1549ರ ಕಥೆ. ಊರಿನವರೆಲ್ಲ ದನ ಮೇಯಿಸುವ ಜಾಗಕ್ಕೆ ಜಮೀನ್ದಾರರು ಬೇಲಿ ಹಾಕಿದ್ದರಂತೆ. ಜನ ಸಿಟ್ಟಿನಿಂದ ಕೀಳಲಿಕ್ಕೆ ಬಂದಾಗ ಇವನು ಅವರ ಮಾತು ಕೇಳಿ, ಸರಿ ಅಂತ ತಾನೂ ಸೇರಿ ಬೇಲಿ ಕಿತ್ತನಂತೆ. ಆಮೇಲೆ ಅವರಿಗೆಲ್ಲ ಮುಂದಾಳಾದನಂತೆ."

"ಕಿತ್ತದ್ದು ಯಾರ ಬೇಲಿ?"

"ಅವನದ್ದೇ. ಅವನೂ ಒಬ್ಬ ಜಮೀನ್ದಾರ."

"ಮತ್ತೆ ಎಂತ ಆಯ್ತು?"

"ಕೋಟೆಯ ಗೋಡೆಯಿಂದ ನೇಣಿಗೆ ಹಾಕಿದರಂತೆ. ನಾನೂರು ವರ್ಷ ಕಳೆದ ಮೇಲೆ ಅದೇ ಗೋಡೆಯಲ್ಲಿ ಅವನ ಗೌರವಕ್ಕೊಂದು ಫಲಕ ಹಾಕಿದ್ದಾರಂತೆ."

"ನಾನೂರು ವರ್ಷ ಬೇಕಾಯ್ತಾ?" ಎಂದರು.

ಮೊದಲ ಮೂರು ಚಿತ್ರಗಳು ಹದಿನೈದು ದಿನದಲ್ಲಿ ಮುಗಿದವು. ಕೆಟ್‌ಗೆ ಎರಡು ತಿಂಗಳು ಹಿಡಿಯಿತು. ಶುಕ್ರವಾರಗಳಲ್ಲಿ ಒಬ್ಬರೇ ಕೂತು ಬರೆದರು, ಒರೆಸಿದರು, ಮತ್ತೆ ಬರೆದರು. ಕೊನೆಗೆ ನನ್ನನ್ನು ಕರೆದು ತೋರಿಸಿದರು. ಇಂಗ್ಲಿಷರ ಹಳೇ ಅಂಗಿ, ಹಿಂದೆ ಓಕ್ ಮರ. ಆದರೆ ಮುಖ ಅಲಿಯಬ್ಬರದ್ದು. ಅದೇ ಗಂಟಿಕ್ಕಿದ ಹುಬ್ಬು, ಅದೇ ಓರೆಯಾದ ಕತ್ತು.

"ಮೇಡಂಗೆ ಹೇಳಬೇಡ" ಎಂದರು.

ಮೇಡಂ ಆ ಚಿತ್ರವನ್ನು ತುಂಬ ಹೊತ್ತು ನೋಡಿ, "ತನ್ನ ಜನ ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದಾನೆ. ಹೀಗೇ ಇದ್ದಿರಬೇಕು" ಎಂದರು. ಶಾಮಣ್ಣ ಅದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಬೋರ್ಡು ರಿಪೇರಿಯ ನೆಪದಲ್ಲಿ ಆಗಾಗ ಆ ಶಾಲೆಗೆ ಹೋಗಿ ಕಾರಿಡಾರಿನಲ್ಲಿ ಐದು ನಿಮಿಷ ನಿಂತು ಬರುತ್ತಿದ್ದರು.

2017ರಲ್ಲಿ ಆ ಶಾಲೆ ಬೇರೆಯವರ ಕೈಗೆ ಹೋಯಿತು. ಹೌಸ್‌ಗಳಿಗೆ ಹಕ್ಕಿಗಳ ಹೆಸರಾಯಿತು. ಹೊಸ ಸ್ಟಿಕ್ಕರಿನ ಆರ್ಡರ್ ನಮಗೇ ಬಂದದ್ದರಿಂದ ಹಳೆಯದನ್ನು ಇಳಿಸಲಿಕ್ಕೂ ನಾವೇ ಹೋದೆವು. ಮೂರು ಚಿತ್ರಗಳನ್ನು ಸ್ಟೋರಿನಲ್ಲಿಟ್ಟರು. ನಾಲ್ಕನೆಯದನ್ನು ಶಾಮಣ್ಣ ಕೇಳಿ ಪಡೆದರು.

"ಇದು ರಸೀನಾಗೆ ಸೇರಬೇಕು" ಎಂದರು. ರಸೀನಾ ಅಲಿಯಬ್ಬರ ಮಗಳು. ಮದುವೆಯಾಗಿ ದುಬೈಯ ಅಲ್ ನಹ್ದಾದಲ್ಲಿದ್ದಳು. ಎಷ್ಟೋ ವರ್ಷದಿಂದ ನಂಬರ್ ಇದ್ದರೂ ಇವರು ಫೋನ್ ಮಾಡಿರಲಿಲ್ಲ. ಶುಕ್ರವಾರ ಸಂಜೆ ಪಿಕಪ್ಪಿನಲ್ಲಿ ನಾನೇ ಕರೆದುಕೊಂಡು ಹೋದೆ.

ರಸೀನಾ ಚಾ ಕೊಟ್ಟಳು. ಸೋಫಾಕ್ಕೆ ಒರಗಿಸಿಟ್ಟ ಚಿತ್ರವನ್ನು ನೋಡಿದಳು. ಶಾಮಣ್ಣ ಅವಳ ಮುಖವನ್ನೇ ನೋಡುತ್ತಿದ್ದರು.

"ಅಂಕಲ್, ಬೇಜಾರು ಮಾಡಬೇಡಿ" ಎಂದಳು. "ಇದು ನಮ್ಮ ಬಾಪನ ಹಾಗೆ ಇಲ್ಲ. ಬಾಪ ಊರಿಗೆ ಬಂದರೆ ಯಾವಾಗಲೂ ನಗುತ್ತಾ ಇದ್ದರು. ನಾವು ಎಂತ ಹೇಳಿದರೂ ನಗು. ಇವರು ಯಾರೋ ಗಂಭೀರ ಮನುಷ್ಯ."

ಶಾಮಣ್ಣ ಚಾದ ಲೋಟ ಕೆಳಗಿಟ್ಟರು. "ಅವರಿಗೆ ಎಡಕಿವಿ ಕೇಳಿಸುತ್ತಿರಲಿಲ್ಲ ಮಗಾ. ಬಲಕಿವಿಯೂ ಕೊನೆಕೊನೆಗೆ ಅಷ್ಟಕ್ಕಷ್ಟೇ. ನಿನಗೆ ಗೊತ್ತಿರಲಿಲ್ಲವಾ?"

ಒಳಗೆ ಮಗು ಇಂಗ್ಲಿಷಿನಲ್ಲಿ ಏನೋ ಕೇಳಿತು. ರಸೀನಾ ಎದ್ದು ಆ ಬಾಗಿಲನ್ನು ಮುಂದೆ ಮಾಡಿ ಬಂದಳು. ಮತ್ತೆ, "ನಾನು ಶಾಲೆಯದ್ದೆಲ್ಲ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಫೇಲಾದದ್ದನ್ನೂ ಹೇಳಿದ್ದೆ. ಆಗಲೂ ನಕ್ಕಿದ್ದರು. ನಮ್ಮ ಬಾಪನಿಗೆ ಸಿಟ್ಟೇ ಇಲ್ಲ ಅಂತ ಗೆಳತಿಯರ ಹತ್ತಿರ ಹೇಳಿಕೊಂಡಿದ್ದೆ" ಎಂದಳು.

ಹೇಳಬಾರದಿತ್ತೇನೋ ಎಂದು ಶಾಮಣ್ಣ ಏಳಲಿಕ್ಕೆ ಹೊರಟರು. ರಸೀನಾ ಬಿಡಲಿಲ್ಲ. "ಕೂತುಕೊಳ್ಳಿ. ಇಲ್ಲಿ ಹೇಗಿದ್ದರು, ಹೇಳಿ." ಅವರು ಹೇಳಿದರು. ಫ್ಯಾನಿನ ಕಥೆ, ಯಾಕೆ ವಾಪಸ್ ಹೋದದ್ದೆಂಬುದು, ಎಲ್ಲ. ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ದಿನ.

ಗೋಡೆಗೆ ಮನುಷ್ಯರ ಚಿತ್ರ ಹಾಕಲಿಕ್ಕೆ ಅತ್ತೆ ಒಪ್ಪಲಿಕ್ಕಿಲ್ಲ ಎಂದು ರಸೀನಾ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕಪಾಟಿನ ಹಿಂದೆ ಇಟ್ಟುಕೊಂಡಳು.

ಒಂದು ವಾರದ ಮೇಲೆ ಅವಳ ಫೋನ್ ಬಂತು. ಮಾತು ಮುಗಿಸಿ ಶಾಮಣ್ಣ ನನ್ನ ಮೇಜಿನ ಹತ್ತಿರ ಬಂದರು.

"ಕಿವಿಯ ವಿಷಯ ಅವಳ ಉಮ್ಮನಿಗೆ ಮೊದಲಿಂದಲೂ ಗೊತ್ತಿತ್ತಂತೆ" ಎಂದರು. ಆಮೇಲೆ ಮೆಲ್ಲಗೆ, "ಅವರ ಕಷ್ಟಸುಖ ನನಗೊಬ್ಬನಿಗೇ ಗೊತ್ತು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ ಮಾರಾಯ."

ರಸೀನಾ ಮತ್ತೆ ಫೋನ್ ಮಾಡಲಿಲ್ಲ, ಇವರೂ ಮಾಡಲಿಲ್ಲ.

ನಾನು ಅಬುಧಾಬಿಯ ಕಂಪೆನಿಗೆ ಸೇರಿದೆ. 2019ರಲ್ಲಿ ಶಾಮಣ್ಣ ದುಬೈ ಬಿಟ್ಟು ಊರಿಗೆ ಹೋದರು. ಆ ಡಿಸೆಂಬರಿನ ರಜೆಯಲ್ಲಿ ಅವರನ್ನು ಹುಡುಕಿಕೊಂಡು ಹೋದಾಗ ಮಲ್ಪೆಯ ಬಂದರಿನಲ್ಲಿ ಸಿಕ್ಕಿದರು. ಬಾಡಿಗೆಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಬೋಟುಗಳ ಮೇಲೆ ಕನ್ನಡದಲ್ಲಿ ಹೆಸರು ಬರೆಯುತ್ತಾರೆ. ನಾನು ಕರೆದೆ. ತಿರುಗಿ ನೋಡಿ ಗುರುತು ಹಿಡಿದರು.

"ಎರಡು ಅಕ್ಷರ ಬಾಕಿ ಉಂಟು, ನಿಲ್ಲು" ಎಂದು ಮತ್ತೆ ಕುಂಚ ಅದ್ದಿದರು.