ಮಾಳಮ್ಮ ಆರಿಸಿದ ಬುಟ್ಟಿ

ಬಂದಳಿಕೆ ಕಡೆಯ ಕುರಿ ಸಾಕುವವರಲ್ಲಿ ಮಾಳಮ್ಮನಷ್ಟು ಹೆಮ್ಮೆಯ ಹೆಂಗಸು ಇನ್ನೊಬ್ಬಳಿರಲಿಲ್ಲ. ಸಂತೆಯಲ್ಲಿ ಯಾರಾದರೂ ಅವಳ ಟಗರನ್ನು ಹೊಗಳಿದರೆ, "ಇನ್ನೊಂದ್ಸಲ ಹೇಳ್ರಿ, ನಮ್ಮ ಯಜಮಾನ್ರಿಗೆ ಕೇಳಿಸ್ಲಿಲ್ಲ" ಎನ್ನುತ್ತಿದ್ದಳು. ಪಕ್ಕದಲ್ಲೇ ನಿಂತ ಗಂಡ ಕರಿಯಣ್ಣ ಮೀಸೆಯಲ್ಲೇ ನಗುತ್ತಿದ್ದ. ೧೯೯೭ರಲ್ಲಿ ಮಗಳು ಮಮತಾ ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್ ಆದ ಮೇಲಂತೂ ಮಾಳಮ್ಮನನ್ನು ಹಿಡಿಯುವವರೇ ಇರಲಿಲ್ಲ. ಬಸ್ಸಿನಲ್ಲಿ ಸೀಟು ಕೇಳುವಾಗಲೂ, "ನಾನು ಡ್ರಿಲ್ ಮೇಡಂ ತಾಯಿ, ಸ್ವಲ್ಪ ಸರೀರಿ" ಎಂದೇ ಶುರು ಮಾಡುತ್ತಿದ್ದಳು.

ಅದೇ ವರ್ಷ ಮಮತಾ ಬೆಂಗಳೂರಿನ ಕ್ರೀಡಾ ಶಿಬಿರವೊಂದಕ್ಕೆ ಹೋಗಿ ಬಂದಳು. ಬರುವಾಗ ಅವಳ ಚೀಲದಲ್ಲಿ ಊಟದ ತಟ್ಟೆಯಂಥ ಆರು ಪ್ಲಾಸ್ಟಿಕ್ ಡಿಸ್ಕುಗಳಿದ್ದವು. ಆಟದ ಹೆಸರು ಡಿಸ್ಕ್ ಗಾಲ್ಫ್. ದೂರದಲ್ಲೊಂದು ಕಂಬ, ಅದರ ಸುತ್ತ ಇಳಿಬಿಟ್ಟ ಸರಪಳಿ, ಸರಪಳಿಯ ಕೆಳಗೆ ಬುಟ್ಟಿ. ಡಿಸ್ಕ್ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಅದು ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದರೆ ಆ ಬುಟ್ಟಿ ಮುಗಿದಂತೆ. ಹೀಗೆ ಎಲ್ಲ ಬುಟ್ಟಿಗಳನ್ನೂ ಕಡಿಮೆ ಎಸೆತದಲ್ಲಿ ಮುಗಿಸಿದವರಿಗೆ ಗೆಲುವು.

ದಾರಿ ತಪ್ಪಿದ ಕುರಿಯ ಮುಂದೆ ಕಲ್ಲು ಬೀಸಿ ತಿರುಗಿಸುತ್ತಿದ್ದ ಕೈ ಮಾಳಮ್ಮನದು. ನಾಲ್ಕೇ ದಿನದಲ್ಲಿ ಡಿಸ್ಕು ಅವಳು ಹೇಳಿದಂತೆ ಕೇಳತೊಡಗಿತು. ಆದರೆ ಗುರಿಗೆಂದು ಇಟ್ಟಿದ್ದು ಮನೆಯ ಸಗಣಿ ಬುಟ್ಟಿ. ಅದರ ಅಂಚಿಗೆ ತಗುಲಿದ ಡಿಸ್ಕು ಕಪ್ಪೆಯಂತೆ ಹೊರಗೆ ಜಿಗಿಯುತ್ತಿತ್ತು.

"ಅವ್ವ, ಇದ್ರಲ್ಲಿ ಆಡಿದ್ರೆ ಆಟಕ್ಕೇ ಅವಮಾನ. ಸರಿಯಾದ ಬುಟ್ಟಿ ಬೇಕು," ಎಂದಳು ಮಮತಾ.

ಅಂಥ ಬುಟ್ಟಿ ಈ ಸೀಮೆಯ ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. ಶಿಕಾರಿಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಉಜ್ಜಪ್ಪನಿಗೆ ಮಮತಾ ಚಿತ್ರ ಬರೆದು ಕೊಟ್ಟಳು. ಅವನು ಹುರುಪಿನಿಂದ ಮೂರು ಮಾದರಿ ಮಾಡಿಟ್ಟು ಹೇಳಿಕಳಿಸಿದ. ತಾಯಿ ಮಗಳು ಹೋದರು.

ಮೊದಲನೆಯದು ನೆಲದಲ್ಲಿ ಹುಗಿದು ಸಿಮೆಂಟ್ ಹಾಕುವ ದಪ್ಪ ಪೈಪಿನದು. "ಇದನ್ನೇ ತಗೋರಿ ಅಕ್ಕ, ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ," ಎಂದ ಉಜ್ಜಪ್ಪ.

"ನಮ್ಮತ್ರ ಇರೋದು ಕುರಿ ಕಣಪ್ಪ, ಆನೆ ಅಲ್ಲ. ಇವತ್ತು ಒಬ್ರ ಹೊಲ್ದಾಗೆ ಗೊಬ್ಬರಕ್ಕಂತ ಮಂದೆ ನಿಲ್ಲಿಸ್ತೀವಿ, ನಾಳೆ ಇನ್ನೊಬ್ರ ಹೊಲ. ಕುರಿ ಹೋದಲ್ಲಿ ಆಟಾನೂ ಬರಬೇಕು. ಇದನ್ನ ಹುಗಿದ್ರೆ ಕಿತ್ಕೊಡೋರು ಯಾರು, ನೀನಾ?"

ಎರಡನೆಯದು ಹಳೇ ಟೈರಿನೊಳಗೆ ಕಾಂಕ್ರೀಟ್ ತುಂಬಿ ಕಂಬ ನಿಲ್ಲಿಸಿದ್ದು, ಒತ್ತಾದ ಸರಪಳಿಗಳದು. ಮಮತಾ ಎಸೆದ ಡಿಸ್ಕನ್ನೆಲ್ಲ ಅದು ಝಲ್ಲೆಂದು ಹಿಡಿಯಿತು. ಅವಳ ಕಣ್ಣು ಅದರ ಮೇಲೇ ನೆಟ್ಟಿತು. ಮಾಳಮ್ಮ ಸೆರಗು ಸಿಕ್ಕಿಸಿ ಎತ್ತಲು ನೋಡಿದಳು, ಅದು ಮಿಸುಕಲಿಲ್ಲ. ಮೂರನೆಯದು ಮಡಿಚುವ ಮೂರು ಕಾಲುಗಳದು. ಮಾಳಮ್ಮ ಅದನ್ನು ಹೆಗಲಿಗೇರಿಸಿ ರಸ್ತೆಯ ಆ ತುದಿಯವರೆಗೆ ಹೋಗಿ ಬಂದಳು. ಕುರಿಮರಿಯಷ್ಟೂ ಭಾರವಿಲ್ಲ. ಆದರೆ ಸರಪಳಿ ವಿರಳವಾಗಿತ್ತು. ಡಿಸ್ಕು ನಡುವೆ ತೂರಿ ಆಚೆ ಬಿತ್ತು, ಲಾರಿಯೊಂದು ಹಾದುಹೋದ ಗಾಳಿಗೆ ಬುಟ್ಟಿಯೂ ಮಗುಚಿತು.

"ನೋಡಿದ್ಯಾ ಅವ್ವ?" ಎಂದಳು ಮಮತಾ.

"ನೋಡ್ದೆ. ಕಾಲು ಇದ್ರದ್ದು, ಸರಪಣಿ ಅದ್ರದ್ದು. ಪಾದಕ್ಕೊಂದು ತೂತು ಮಾಡಪ್ಪ, ಮಂದೆ ಸುತ್ತ ಕಟ್ಟೋ ಬಲೆಗೆ ಹೊಡ್ದಂಗೆ ಗೂಟ ಹೊಡಿತೀವಿ."

ಮಮತಾ ಎರಡೂ ಬುಟ್ಟಿಗಳ ಸರಪಳಿ ಹಿಡಿದು ನೋಡಿ, "ಸರಪಳಿ ಎರಡು ಸುತ್ತು ಹಾಕಿ, ಒಳಗೊಂದು ಹೊರಗೊಂದು. ತೆಳ್ಳಗಿನದೇ ಸಾಕು, ಭಾರ ಆಗಲ್ಲ," ಎಂದಳು. ಮಾಳಮ್ಮ ಉಜ್ಜಪ್ಪನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ನನ್ನ ಮಗಳು!" ಎಂದಳು.

ಐದು ಬುಟ್ಟಿಗಳು ಬಂದವು. ಬತ್ತ ಕೊಯ್ದಾಗಿದ್ದ ಚಂದ್ರಶೇಖರಪ್ಪನ ಗದ್ದೆಯಲ್ಲಿ ಮಂದೆ ನಿಂತಿತು, ಅಲ್ಲೇ ಆಟವೂ ಶುರುವಾಯಿತು. ಜನವರಿಯ ಒಂದು ಭಾನುವಾರ ಆಟ ನೋಡಲು ಬರುವಂತೆ ಮಮತಾ ಶಿಕಾರಿಪುರ, ಸೊರಬದ ಡ್ರಿಲ್ ಟೀಚರುಗಳನ್ನೆಲ್ಲ ಕರೆದಳು.

ಶನಿವಾರ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹೊಡೆಯಿತು. ಭಾನುವಾರ ಬೆಳಗಾಗುವಷ್ಟರಲ್ಲಿ ಚಂದ್ರಶೇಖರಪ್ಪ ಟ್ರ್ಯಾಕ್ಟರ್ ತಂದು ಗದ್ದೆಯ ಬದುವಿನಲ್ಲಿ ನಿಲ್ಲಿಸಿದ್ದ.

"ಬೇಜಾರು ಮಾಡ್ಕೋಬೇಡ ಮಾಳಮ್ಮ. ಹದ ಬಂದೈತೆ, ಇವತ್ತು ಉಳದೆ ಬಿಟ್ರೆ ನೆಲ ಬಿಗಿದ್ಬಿಡ್ತೈತೆ."

ಮಮತಾಳ ಮುಖ ಬಾಡಿತು. "ಇನ್ನೇನು ಬಸ್ಸು ಬರ್ತದೆ ಅವ್ವ. ಅವ್ರಿಗೆ ಏನಂತ ಹೇಳ್ಲಿ?"

"ಹೇಳೋದೇನು? ಎತ್ಕೋ!" ಎನ್ನುತ್ತ ಮಾಳಮ್ಮ ಆಗಲೇ ಗೂಟ ಕೀಳುತ್ತಿದ್ದಳು. ಮೇಲಿನ ಮಹೇಶ್ವರಪ್ಪನ ಜೋಳದ ಹೊಲ ಖಾಲಿಯಿತ್ತು, ಮಳೆ ನೀರು ಬಸಿದು ಹೋಗಿತ್ತು. ಕೇಳಿದ್ದಕ್ಕೆ ಅವನು, "ಕುರೀನೂ ಹೊಡ್ಕೊಂಡು ಬಾ ಮತ್ತೆ" ಎಂದು ನಕ್ಕ. ಕರಿಯಣ್ಣ ಎರಡು ಬುಟ್ಟಿ ಹೊತ್ತ, ಮಾಳಮ್ಮ ಎರಡು, ಮಮತಾ ಒಂದು. ಬೇಲಿ ಸಾಲಿನ ಆಚೆಗೊಂದು, ಹುಣಸೆಮರದ ಹಿಂದೊಂದು, ದಿಬ್ಬದ ಮೇಲೊಂದು ಎಂದು ಮಮತಾ ಓಡಾಡಿ ಜಾಗ ತೋರಿಸಿದಳು. ಟೀಚರುಗಳು ಬಸ್ಸಿಳಿದು ಬರುವ ಹೊತ್ತಿಗೆ ಐದು ಬುಟ್ಟಿಗಳೂ ಬಿಸಿಲಿಗೆ ಹೊಳೆಯುತ್ತ ನಿಂತಿದ್ದವು.

ಸೊರಬದ ಕುಪ್ಪಗಡ್ಡೆ ಕಡೆಯ ಶಾಲೆಯ ವನಜಮ್ಮ ಮೇಡಂ ಸುತ್ತಲೂ ನೋಡಿ, "ಎಷ್ಟು ಚೆಂದ ಮಾಡಿದೀರಿ! ಯಾವಾಗಿಂದ ಇದೆ ಈ ಮೈದಾನ?" ಎಂದು ಕೇಳಿದರು.

ಮಮತಾ ಏನೋ ಹೇಳಲು ತಡವರಿಸುವಷ್ಟರಲ್ಲಿ ಮಾಳಮ್ಮ ಎದೆಯುಬ್ಬಿಸಿ ಅಂದಳು: "ಇವತ್ತು ಬೆಳಿಗ್ಗೆಯಿಂದ ಐತ್ರಿ!"

ಟೀಚರುಗಳಿಗೆ ನಂಬಿಕೆ ಬರಲಿಲ್ಲ. ಮಾಳಮ್ಮ ಕಾಲು ಮಡಿಚಿ, ಬಿಚ್ಚಿ, ಗೂಟ ಹೊಡೆದು ತೋರಿಸಿದಳು. ಆಟಕ್ಕೂ ನಿಂತಳು. ಮಮತಾ ಮೊದಲು ಬಂದಳು, ಮಾಳಮ್ಮ ಎರಡನೆಯವಳು, ಟೀಚರುಗಳೆಲ್ಲ ಆಮೇಲೆ. "ನಾನು ಸೋತದ್ದು ನನ್ನ ಮಗಳಿಗೆ, ಬ್ಯಾರೆ ಯಾರಿಗೂ ಅಲ್ಲ" ಎಂದು ಮಾಳಮ್ಮ ಊರಿಗೆಲ್ಲ ಹೇಳಿಕೊಂಡು ಬಂದಳು.

ವನಜಮ್ಮ ತಮ್ಮ ಶಾಲೆಗೂ ಅದೇ ಬುಟ್ಟಿ ಬೇಕೆಂದರು. ಉಜ್ಜಪ್ಪ ಮೂರು ಮಾಡಿಕೊಟ್ಟ. ಗೂಟ ಹೊಡೆಯುವ ಬಗೆ ತೋರಿಸಲು ಮಾಳಮ್ಮನೇ ಹೊರಟಳು. ಸೊರಬದ ಬಸ್ಸಿನ ಟಾಪಿಗೆ ಎರಡು ಬುಟ್ಟಿಗಳನ್ನು ಹಾಕಿಸಿ, ಮೂರನೆಯದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು.

"ಏನಮ್ಮ ಇದು, ಕೋಳಿ ಪಂಜರಾನಾ?" ಎಂದ ಕಂಡಕ್ಟರು.

ಮಾಳಮ್ಮ ಸರಪಳಿಯನ್ನೊಮ್ಮೆ ಝಲ್ಲೆನಿಸಿ, "ಕೂತ್ಕೋ ಬಾರಪ್ಪ, ಹೇಳ್ತೀನಿ," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು.