ಹೊಸ ವರ್ಷದ ಮೊದಲ ಕಾಲು

ಎಲ್ಲರಿಗೂ ಊಟದ ಬಿಡುವು ಕೊಡಿ ಎಂದು ಕೂಗಾಡಿದ್ದಕ್ಕೆ ಒನೆಹುಂಗಾ ಎಂಬ ಬಡಾವಣೆಯ ಕಾರ್ಖಾನೆಯವರು ನನ್ನನ್ನು ಕೆಲಸದಿಂದ ಕಿತ್ತುಹಾಕಿದ್ದರು. ಮರುದಿನ ಬೆಳಿಗ್ಗೆ, ಪಕ್ಕದ ಮನೆಯ ವಿಯೆಟ್ನಾಮಿ ಆಂಟಿಗೆ ಅವರ ಹೊಸ ವರ್ಷದ ಶುಭಾಶಯ ಹೇಳಲು ಹೋಗಿ ಹೊಸ್ತಿಲು ದಾಟಿಯೇಬಿಟ್ಟೆ.

"ಅಯ್ಯೋ, ನಿಲ್ಲಿ!" ಎಂದು ಆಂಟಿಯ ಸೊಸೆ ಚೀರಿದಳು. ಆ ದಿನ ಮೊದಲು ಕಾಲಿಟ್ಟವರ ಅದೃಷ್ಟವೇ ವರ್ಷವಿಡೀ ಮನೆಯದಂತೆ. ಅದಕ್ಕೆಂದೇ ಒಬ್ಬ ಶ್ರೀಮಂತ ಹಲ್ಲಿನ ಡಾಕ್ಟರನ್ನು ಕರೆದಿದ್ದರು.

"ಕ್ಷಮಿಸಿ, ನಾನು ಕೆಲಸ ಕಳೆದುಕೊಂಡವನು," ಎಂದು ಹಿಂದೆ ಸರಿದೆ.

"ಯಾಕೆ ಹೋಯ್ತು?" ಎಂದರು ಆಂಟಿ. ಹೇಳಿದೆ.

ಅವರು ಕೈಹಿಡಿದು ಒಳಗೆಳೆದುಕೊಂಡರು. "ಡಾಕ್ಟರು ಆಮೇಲೆ ಬರಲಿ. ನನ್ನ ಮಗನೂ ಅಲ್ಲೇ ಬಾಯಿ ಮುಚ್ಚಿಕೊಂಡು ದುಡಿಯುತ್ತಾನೆ. ಈ ವರ್ಷವಾದರೂ ಅವನಿಗೆ ನಿನ್ನ ಬಾಯಿ ಬರಲಿ."

ಆ ಮಾತಿಗೆ ನಾನು ಇಂದಿಗೂ ಋಣಿ. ಶಕುನವೆಲ್ಲ ಸುಳ್ಳೆಂದು ಹೋದಲ್ಲೆಲ್ಲ ಭಾಷಣ ಬಿಗಿಯುವವನು, ಅಂದು ಮಾತ್ರ ತುಟಿಪಿಟಕ್ಕೆನ್ನದೆ ಅವರಿಟ್ಟ ಅಕ್ಕಿ ಕಡುಬು ತಿಂದೆ.